ನಗೆಯ ದಂಡು

ಸಾರ್ವಜನಿಕ ಕಾರ್ಯಕ್ಕೆ ಗಾಂಭೀರ್ಯವೇ ಭೂಷಣವೆಂಬ ಮಾತು ನಮ್ಮ ಸುಶಿಕ್ಷಿತರಲ್ಲಿ ಆಳವಾಗಿ ಬೇರೂರಿದೆ. ಅನ್ಯಾಯವಾಯಿತೆಂದರೆ ಮನವಿಪತ್ರವನ್ನು ಬರೆಯಬೇಕು. ಸಭೆಯನ್ನು ಕೂಡಿಸಿ ಠರಾವು ಪಾಸು ಮಾಡಬೇಕು. ಅದೂ ಸಾಲದಿದ್ದರೆ ಮೆರವಣಿಗೆಯನ್ನು ಹೊರಡಿಸಬೇಕು, ಹರತಾಳವನ್ನಾಚರಿಸಬೇಕು, ಉಪವಾಸ ಕೂಡ್ರಬೇಕು. ಇವೆಲ್ಲವೂ ಮರ್ಯಾದಸ್ಥರ ಮಾರ್ಗಗಳು. ಆದರೆ ಬಣ್ಣದ ಟೊಪ್ಪಿಗೆಯನ್ನಿಟ್ಟು, ಕಪ್ಪೆಯ ಸೋಗು ಹಾಕಿ, ಬೀದಿಯಲ್ಲಿ ನಿಂತು ಜನರನ್ನು ನಗಿಸುವುದೆಂದರೇನು? ಅದು ಹಗಲುವೇಷದವರ ಕೆಲಸ; ಹಕ್ಕನ್ನು ಕೇಳುವವನು ತಾನೇ ನಗೆಗೀಡಾದರೆ ಅವನ ಹಕ್ಕಿನ ಗತಿಯೇನು? ಹೀಗೆಂದು ಹುಬ್ಬು ಗಂಟಿಕ್ಕುವ ಹಿರಿಯರು ಪ್ರತಿಯೊಂದು ಊರಿನ ವಾಚನಾಲಯದಲ್ಲಿಯೂ ಇದ್ದಾರೆ, ಪ್ರತಿಯೊಂದು ಶಾಲೆಯ ಶಿಕ್ಷಕರ ಕೋಣೆಯಲ್ಲಿಯೂ ಇದ್ದಾರೆ.

ಅವರ ಆಕ್ಷೇಪಣೆಯನ್ನು ಸುಮ್ಮನೆ ತಳ್ಳಿಬಿಡಲಾಗದು. ನಗೆಯು ಬಹಳ ಸಲ ಹೊಣೆಗೇಡಿತನದ ಮರೆಯಾಗಿರುವುದುಂಟು. ಆದರೆ ಭಯವೇ ಆಳುತ್ತಿರುವ ನಾಡಿನಲ್ಲಿ ನಗೆಯು ಹುಡುಗಾಟವಲ್ಲ. ಅದು ಭಯದ ಬೇರನ್ನೇ ಸಡಿಲಿಸುವ ಸಾಧನವಾಗಬಲ್ಲದು. ಅದೇ ನಗೆಯ ಹಿಂದೆ ದೃಢವಾದ ಸಂಘಟನೆಯೂ ದುಡಿಮೆಯೂ ಇಲ್ಲದೆ ಹೋದರೆ ಅದು ಸಂತೆಯ ತಮಾಷೆಯಾಗಿ ಮುಗಿಯುವುದು. ಈ ಎರಡು ಮಾತುಗಳನ್ನೂ ಒಟ್ಟಿಗೆ ತೋರಿಸಿಕೊಡುವ ಉದಾಹರಣೆಯು ಯುರೋಪಖಂಡದ ಪೋಲಂಡ ದೇಶದ್ದಾಗಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ವಾಚಕರ ಮುಂದಿಡುತ್ತೇವೆ.

ಪೋಲಂಡದಲ್ಲಿ 1980ನೆಯ ಇಸವಿಯಲ್ಲಿ 'ಸೊಲಿಡಾರಿಟಿ', ಅಂದರೆ ಐಕಮತ್ಯವೆಂಬ ಹೆಸರಿನ ಕಾರ್ಮಿಕ ಸಂಘವು ಹುಟ್ಟಿ, ನೋಡುನೋಡುವಷ್ಟರಲ್ಲಿ ಸುಮಾರು ಒಂದು ಕೋಟಿ ಸದಸ್ಯರನ್ನು ಪಡೆಯಿತು. ಕಮ್ಯೂನಿಸ್ಟ ಸರಕಾರವು ಇದನ್ನು ಸಹಿಸಲಿಲ್ಲ. 1981ನೆಯ ಇಸವಿಯ ಡಿಸೆಂಬರ 13ರಂದು ಜನರಲ್ ಯರುಜೆಲ್ಸ್ಕಿಯವರು ದೇಶಕ್ಕೆಲ್ಲ ಲಷ್ಕರಿ ಕಾಯಿದೆಯನ್ನು ಹೇರಿದರು. ಸಂಘದ ಮುಂದಾಳುಗಳು ಸೆರೆಮನೆಗೆ ಹೋದರು. ಮೂರು ದಿನಗಳ ತರುವಾಯ ವುಯೆಕ್ ಎಂಬ ಕಲ್ಲಿದ್ದಲ ಗಣಿಯಲ್ಲಿ ಮುಷ್ಕರ ಹೂಡಿದ್ದ ಕೂಲಿಕಾರರ ಮೇಲೆ ಗುಂಡು ಹಾರಿ ಒಂಬತ್ತು ಮಂದಿ ಮಡಿದರು. ಬೀದಿಗಳಲ್ಲಿ ಟ್ಯಾಂಕುಗಳು ನಿಂತವು. ಜನರು ರಾತ್ರಿ ಕದ್ದು ಗೋಡೆಗಳ ಮೇಲೆ ತಮ್ಮ ಘೋಷಣೆಗಳನ್ನು ಬರೆಯುತ್ತಿದ್ದರು. ಹಗಲಾದೊಡನೆ ಸರಕಾರದ ಆಳುಗಳು ಬಂದು ಅವುಗಳ ಮೇಲೆ ಸುಣ್ಣಬಣ್ಣ ಬಳಿದು ಹೋಗುತ್ತಿದ್ದರು. ಊರಿನ ಗೋಡೆಗಳೆಲ್ಲ ತೇಪೆ ಹಾಕಿದ ಅಂಗಿಯಂತಾದವು.

ವ್ರೊತ್ಸ್ವಾಫ್ ಎಂಬ ಪಟ್ಟಣದಲ್ಲಿ ವಾಲ್ಡೆಮಾರ ಫಿದ್ರಿಖ್ ಎಂಬ ತರುಣರಿದ್ದರು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಇತಿಹಾಸವನ್ನೂ ಕಲೆಯ ಇತಿಹಾಸವನ್ನೂ ಓದಿದವರು. ಸೈನ್ಯಕ್ಕೆ ಸಂಬಂಧವಿಲ್ಲದಿದ್ದರೂ ತಮ್ಮನ್ನು ತಾವೇ 'ಮೇಜರ್' ಎಂದು ಕರೆದುಕೊಂಡವರು. 1982ನೆಯ ಇಸವಿಯ ಆಗಸ್ಟ ತಿಂಗಳ ಕೊನೆಯಲ್ಲಿ ಅವರೂ ಅವರ ಗೆಳೆಯರೊಬ್ಬರೂ ಆ ತೇಪೆಗಳ ಮೇಲೆ ಒಂದು ಚಿತ್ರವನ್ನು ಬರೆಯತೊಡಗಿದರು. ಅದು ಕುಬ್ಜನ ಚಿತ್ರ. ಅಲ್ಲಿಯ ಅಜ್ಜಿಕತೆಗಳಲ್ಲಿ ಬರುವ ಗಿಡ್ಡ ದೇಹದ, ಚೂಪು ಟೊಪ್ಪಿಗೆಯ ಪ್ರಾಣಿಯದು. ಎಳೆಯ ಮಕ್ಕಳಿಗೆ ಅದರ ಪರಿಚಯವಿದೆ. ಘೋಷಣೆಯೊಂದು ವಾದ, ಅದರ ಮೇಲೆ ಬಳಿದ ಬಣ್ಣವು ಪ್ರತಿವಾದ, ಎರಡೂ ಸೇರಿ ಹುಟ್ಟಿದ ಸಮನ್ವಯವೇ ಈ ಕುಬ್ಜನೆಂದು ಅವರು ವ್ಯಾಖ್ಯಾನ ಮಾಡಿದರು. ಸರಕಾರದವರು ಹಗಲಿರುಳು ಜಪಿಸುತ್ತಿದ್ದ ಮಾರ್ಕ್ಸವಾದದ ತರ್ಕವನ್ನೇ ಹಿಡಿದು ಅವರನ್ನು ಅಣಕಿಸಿದ ಬಗೆಯಿದು. ಕೆಲವೇ ದಿನಗಳಲ್ಲಿ ಇಂತಹ ಕುಬ್ಜರು ಪೋಲಂಡದ ಬೇರೆ ಪಟ್ಟಣಗಳ ಗೋಡೆಗಳ ಮೇಲೂ ಕಾಣಿಸಿಕೊಂಡರು.

ಇದರಿಂದ ಸರಕಾರಕ್ಕೆ ಒದಗಿದ ಪೇಚನ್ನು ವಿಚಾರಿಸಿರಿ. ಘೋಷಣೆಯನ್ನು ಅಳಿಸಬಹುದು, ಅದರಲ್ಲಿ ರಾಜದ್ರೋಹವಿದೆಯೆಂದು ಹೇಳಬಹುದು. ಕುಬ್ಜನಲ್ಲಿ ಏನಿದೆ? ಅವನನ್ನು ಬಿಟ್ಟರೆ, ಅವನ ಕೆಳಗೆ ಮುಚ್ಚಿಹೋದ ಮಾತು ಯಾವುದೆಂಬುದನ್ನು ದಾರಿಹೋಕರೆಲ್ಲರೂ ನೆನೆಯುತ್ತಾರೆ. ಅಳಿಸಿದರೆ, ಇಷ್ಟು ದೊಡ್ಡ ಸರಕಾರವು ಮಕ್ಕಳ ಕತೆಯ ಬೊಂಬೆಗೆ ಅಂಜಿತೆಂದು ನಗುತ್ತಾರೆ. ಅತ್ತ ದರಿ, ಇತ್ತ ಪುಲಿ.

ಗೋಡೆಯಿಂದ ಇಳಿದು ಕುಬ್ಜರು ಬೀದಿಗೆ ಬಂದುದು 1987ನೆಯ ಇಸವಿಯಲ್ಲಿ. ಜೂನ 1 ಆ ದೇಶಗಳಲ್ಲಿ ಮಕ್ಕಳ ದಿನ. ಅಂದು ವ್ರೊತ್ಸ್ವಾಫಿನ ಶ್ವಿದ್ನಿತ್ಸ್ಕಾ ಬೀದಿಯಲ್ಲಿ ಫಿದ್ರಿಖ್ ಅವರ 'ಕಿತ್ತಳೆ ಪರ್ಯಾಯ'ವೆಂಬ ಕೂಟದವರು ಟೊಪ್ಪಿಗೆಗಳನ್ನೂ ಮಿಠಾಯಿಗಳನ್ನೂ ಹಂಚಿದರು. ಪೋಲೀಸರು ಬಂದು ಟೊಪ್ಪಿಗೆಯವರನ್ನು ಬಂಡಿಗೇರಿಸಿದರು. ಬಂಡಿಯೊಳಗಿನಿಂದಲೂ ಅವರು ಮಿಠಾಯಿಗಳನ್ನು ಎರಚಿದರು. ಠಾಣೆಯ ಅಧಿಕಾರಿಯು ಲೇಖಣಿ ಹಿಡಿದು, ಕುಬ್ಜರ ಕಾನೂನುಬಾಹಿರ ಕೂಟದಲ್ಲಿ ನೀನೇಕೆ ಪಾಲ್ಗೊಂಡೆಯೆಂದು ವಿಚಾರಣೆ ನಡೆಸಬೇಕಾಗಿ ಬಂದರೆ ಆ ಅಧಿಕಾರಿಯ ಠೀವಿ ಎಷ್ಟು ಹೊತ್ತು ಉಳಿದೀತು? ಇಂತಹ ಪ್ರಶ್ನೆ ಕೇಳುವವನನ್ನು ಕಂಡು ಭಯಪಡಲು ಸಾಧ್ಯವೇ ಎಂಬುದೇ ಫಿದ್ರಿಖ್ ಅವರ ವಾದವಾಗಿತ್ತು.

ಅದೇ ವರ್ಷ ನವೆಂಬರ 6ರಂದು ನಡೆದ ಪ್ರಸಂಗವು ಇನ್ನೂ ಸ್ವಾರಸ್ಯವಾಗಿದೆ. ಮರುದಿನ ರಷ್ಯದ ಅಕ್ಟೋಬರ ಕ್ರಾಂತಿಗೆ 70 ವರ್ಷ ತುಂಬುವುದಿತ್ತು. ಈ ಮಹಾಕ್ರಾಂತಿಯನ್ನು ಭಕ್ತಿಯಿಂದ ಆಚರಿಸೋಣ, ಎಲ್ಲರೂ ಕೆಂಪು ಬಟ್ಟೆ ತೊಟ್ಟು ಬನ್ನಿರಿ, ಕೆಂಪು ಬಟ್ಟೆಯಿಲ್ಲದವರು ಉಗುರಿಗೆ ಕೆಂಪು ಬಣ್ಣವನ್ನಾದರೂ ಹಚ್ಚಿರಿ, ಅದೂ ಇಲ್ಲದವರು ಕೆಂಪು ಟೊಮೇಟೊ ಗೊಜ್ಜು ಹಾಕಿದ ರೊಟ್ಟಿಯನ್ನಾದರೂ ಕೊಂಡು ಕೈಯಲ್ಲಿ ಹಿಡಿಯಿರಿ ಎಂದು ಕೂಟದವರು ಕರೆಕೊಟ್ಟರು. ರಟ್ಟಿನಿಂದ ಮಾಡಿದ ಯುದ್ಧನೌಕೆಗಳು ಬೀದಿಗೆ ಬಂದವು. ಸರಕಾರವನ್ನು ನಿಂದಿಸುವ ಒಂದು ಮಾತೂ ಅಲ್ಲಿರಲಿಲ್ಲ, ಇದ್ದುದೆಲ್ಲ ಸ್ತುತಿಯೇ. ಆದರೂ ಪೋಲೀಸರು ಬಂದು ಕೆಂಪು ತೊಟ್ಟವರನ್ನು ಹಿಡಿಯತೊಡಗಿದರು. ಕೆಂಪು ಬಾವುಟದ ಸರಕಾರವು ಕೆಂಪು ಬಣ್ಣವನ್ನು ಬಂಧಿಸಿತು! ಆಳುವವರಿಗೂ ತಮ್ಮ ಘೋಷಣೆಗಳಲ್ಲಿ ನಂಬಿಕೆಯಿಲ್ಲವೆಂಬುದನ್ನು ಹತ್ತು ಸಭೆಗಳ ಭಾಷಣಗಳು ಇಷ್ಟು ನಿಚ್ಚಳವಾಗಿ ತೋರಿಸಲಾರವು.

ಈ ಆಟಗಳಲ್ಲಿ ಬರಿಯ ಚೇಷ್ಟೆಯೇ ಇತ್ತೆಂದು ಭಾವಿಸಬಾರದು. ಅಂಗಡಿಗಳಲ್ಲಿ ನಿತ್ಯದ ಪದಾರ್ಥಗಳಿಗೂ ಬರ ಬಂದಿತ್ತು. 1987ರ ಅಕ್ಟೋಬರದಲ್ಲಿ ಅವರು ಶೌಚದ ಕಾಗದವನ್ನು ಒಂದೊಂದೇ ಹಾಳೆಯಂತೆ ಬೀದಿಯಲ್ಲಿ ಹಂಚಿದರು. ಮರುವರ್ಷದ ಮಾರ್ಚ 8ರಂದು, ಸರಕಾರವು ಸ್ತ್ರೀದಿನವನ್ನು ಹೂಗಳಿಂದಲೂ ಭಾಷಣಗಳಿಂದಲೂ ಆಚರಿಸುತ್ತಿದ್ದಾಗ, ಫಿದ್ರಿಖ್ ಅವರು ಮಾರುಕಟ್ಟೆಯಲ್ಲಿ ದುರ್ಲಭವಾಗಿದ್ದ ಮುಟ್ಟಿನ ಬಟ್ಟೆಗಳನ್ನು ಹೆಂಗಸರಿಗೆ ಹಂಚಿದರು. ಇದಕ್ಕಾಗಿ ಅವರಿಗೆ ಎರಡು ತಿಂಗಳ ಸೆರೆವಾಸವನ್ನು ವಿಧಿಸಲಾಯಿತು. ವಿದ್ವಾಂಸರೂ ಕಲಾವಿದರೂ ಕೂಗೆಬ್ಬಿಸಿದ ಮೇಲೆ ಅವಧಿಗೆ ಮುಂಚೆಯೇ ಬಿಡುಗಡೆಯಾಯಿತು. ನಗಿಸಿದವರು ದಂಡ ತೆರಲಿಲ್ಲವೆಂದು ಯಾರೂ ಹೇಳುವಂತಿಲ್ಲ. 1988ರ ಜೂನ 1ರಂದು ಅದೇ ಶ್ವಿದ್ನಿತ್ಸ್ಕಾ ಬೀದಿಯಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಜನರು ಕುಬ್ಜರ ಟೊಪ್ಪಿಗೆಯನ್ನಿಟ್ಟು ನಡೆದರು. ಆರೇಳು ವರ್ಷಗಳ ಹಿಂದೆ ಟ್ಯಾಂಕುಗಳನ್ನು ಕಂಡ ನಾಡಿನಲ್ಲಿ ಹತ್ತು ಸಾವಿರ ಜನರು ಒಂದೆಡೆ ನಿಂತು ನಕ್ಕರು.

ಈ ನಗೆಯು ಹೇಗೆ ಕೆಲಸ ಮಾಡಿತೆಂಬುದನ್ನು ನಾವು ವಿಂಗಡಿಸಿ ನೋಡಬೇಕು. ದಬ್ಬಾಳಿಕೆಯ ಸರಕಾರವು ಬಂದೂಕಿನಿಂದ ಮಾತ್ರ ಆಳುವುದಿಲ್ಲ. ಪ್ರತಿಯೊಬ್ಬ ಪ್ರಜೆಯ ಬೆನ್ನ ಹಿಂದೆ ಒಬ್ಬೊಬ್ಬ ಸಿಪಾಯಿಯನ್ನು ನಿಲ್ಲಿಸಲು ಯಾವ ಸರಕಾರದಿಂದಲೂ ಆಗದು. ಸಿಪಾಯಿಯು ಇಲ್ಲದಿರುವಾಗಲೂ ಇದ್ದಾನೆಂಬ ಭ್ರಮೆಯೇ ಭಯ. 'ನಾನೊಬ್ಬನೇ ಹೀಗೆ ಯೋಚಿಸುತ್ತಿದ್ದೇನೆ, ಮಿಕ್ಕವರೆಲ್ಲ ಒಪ್ಪಿಕೊಂಡಿದ್ದಾರೆ' ಎಂಬ ಒಂಟಿತನವು ಅದಕ್ಕೆ ಆಧಾರ. ನಗೆಯು ಮೊದಲು ಮುರಿಯುವುದು ಈ ಒಂಟಿತನವನ್ನು. ಬೀದಿಯಲ್ಲಿ ಒಬ್ಬನು ನಕ್ಕಾಗ ಪಕ್ಕದವನೂ ನಕ್ಕನೆಂದರೆ, ಇಬ್ಬರಿಗೂ ಒಂದೇ ಗುಟ್ಟು ಗೊತ್ತಿದೆಯೆಂದು ಮಾತಿಲ್ಲದೆಯೇ ತಿಳಿದುಹೋಗುತ್ತದೆ. ಎರಡನೆಯದಾಗಿ, ಕಾಗದದ ಟೊಪ್ಪಿಗೆಯನ್ನಿಡಲು ವೀರನಾಗಬೇಕಿಲ್ಲ. ಗುಂಡಿಗೆ ಎದೆಯೊಡ್ಡುವವರು ಸಾವಿರಕ್ಕೊಬ್ಬರು. ಟೊಪ್ಪಿಗೆಯನ್ನಿಟ್ಟು ನಾಲ್ಕು ಹೆಜ್ಜೆ ನಡೆಯುವವರು ಮನೆಗೊಬ್ಬರಾದರೂ ದೊರೆಯುವರು. ಮೂರನೆಯದಾಗಿ, ಸಿಟ್ಟಿನಿಂದ ಕಲ್ಲೆಸೆದ ಗುಂಪಿನ ಮೇಲೆ ಲಾಠಿಯನ್ನು ಬೀಸಲು ಸರಕಾರಕ್ಕೆ ನೆಪ ಸಿಗುತ್ತದೆ. ಮಿಠಾಯಿ ಹಂಚುವ ಕುಬ್ಜನ ಮೇಲೆ ಬೀಸಿದರೆ ನೋಡುವವರ ಮನಸ್ಸು ಯಾರ ಕಡೆಗೆ ತಿರುಗುವುದೆಂಬುದು ಸ್ಪಷ್ಟ. ಬಡವನ ಕೋಪ ದವಡೆಗೆ ಮೂಲವೆಂಬ ಗಾದೆಯನ್ನು ನಮ್ಮ ಹಿರಿಯರು ಅನುಭವದಿಂದಲೇ ಕಟ್ಟಿದರು. ಬಡವನ ನಗೆಗೆ ಆ ಅಪಾಯವು ಕಡಿಮೆ.

ಇತರ ದೇಶಗಳಲ್ಲಿಯೂ ಇದೇ ಅನುಭವವಾಗಿದೆ. ಸರ್ಬಿಯದಲ್ಲಿ 1998ರಲ್ಲಿ ವಿದ್ಯಾರ್ಥಿಗಳು ಕಟ್ಟಿದ 'ಒತ್ಪೊರ್', ಅಂದರೆ ಪ್ರತಿರೋಧವೆಂಬ ಸಂಘದವರು ಅಧ್ಯಕ್ಷ ಮಿಲೊಶೆವಿಚ್ ಅವರ ಚಿತ್ರವನ್ನು ಒಂದು ಪೀಪಾಯಿಯ ಮೇಲೆ ಅಂಟಿಸಿ ಬೆಲ್‌ಗ್ರೇಡಿನ ಬೀದಿಯಲ್ಲಿಟ್ಟರು. ಒಂದು ನಾಣ್ಯ ಹಾಕಿದವರು ಅದಕ್ಕೊಂದು ಪೆಟ್ಟು ಕೊಡಬಹುದೆಂದು ದಾರಿಹೋಕರಿಗೆ ಸಾರಿ, ತಾವು ದೂರ ಸರಿದರು. ಪೋಲೀಸರು ಬಂದು ನೋಡಿದರೆ ಹಿಡಿಯಲು ಯಾರೂ ಇಲ್ಲ. ಕೊನೆಗೆ ಪೀಪಾಯಿಯನ್ನೇ ಹಿಡಿದುಕೊಂಡು ಹೋದರು. ಅಮೇರಿಕದಲ್ಲಿ 2025ನೆಯ ಇಸವಿಯ ಶರತ್ಕಾಲದಲ್ಲಿ ಅಧ್ಯಕ್ಷ ಟ್ರಂಪ್ ಅವರು ಪೋರ್ಟ್‌ಲಂಡ ಪಟ್ಟಣವು ಯುದ್ಧದಿಂದ ಹಾಳಾದ ಸ್ಥಳವೆಂದು ಬಣ್ಣಿಸಿ ಅಲ್ಲಿಗೆ ಸೈನಿಕರನ್ನು ಕಳಿಸಹೊರಟಾಗ, ವಲಸೆಗಾರರನ್ನು ಹಿಡಿಯುವ ಇಲಾಖೆಯ ಕಟ್ಟಡದ ಮುಂದೆ ಗಾಳಿ ತುಂಬಿದ ಕಪ್ಪೆಯ ವೇಷದವರು ಬಂದು ನಿಂತರು. ಅಂತಹ ಒಂದು ಕಪ್ಪೆಯ ಗಾಳಿಕಿಂಡಿಯೊಳಕ್ಕೆ ಅಧಿಕಾರಿಯೊಬ್ಬನು ಮೆಣಸಿನ ದ್ರವವನ್ನು ಸಿಂಪಡಿಸಿದುದನ್ನು ಲೋಕವೆಲ್ಲ ಕಂಡಿತು. ಅದರಿಂದ ಕಪ್ಪೆಗಳು ಓಡಿಹೋಗಲಿಲ್ಲ, ಹೆಚ್ಚಾದವು. ಅಕ್ಟೋಬರ 18ರಂದು ದೇಶದಾದ್ಯಂತ ನಡೆದ ಸಭೆಗಳಲ್ಲಿ ಇಂತಹ ವೇಷಗಳು ಊರೂರಿಗೆ ಕಾಣಿಸಿದವು. ಕುಣಿಯುವ ಕಪ್ಪೆಗಳ ಊರನ್ನು ರಣರಂಗವೆಂದು ನಂಬಿಸುವುದು ಯಾರಿಗಾದರೂ ಕಷ್ಟವೇ ಸರಿ.

ಇನ್ನು ನಮ್ಮ ನಾಡಿಗೆ ಬರೋಣ. ನಮಗೆ ಇದು ಹೊರಗಿನಿಂದ ಬಂದ ವಿದ್ಯೆಯೇ? ಸಂಸ್ಕೃತ ನಾಟಕದ ವಿದೂಷಕನು ಮಂತ್ರಿಯು ಆಡಲಂಜುವ ಮಾತನ್ನು ದೊರೆಗೆ ಆಡುತ್ತಾನೆ. ಯಕ್ಷಗಾನದ ಹಾಸ್ಯಗಾರನು ದೂತನಾಗಿ ಬಂದು ಕಿರೀಟಧಾರಿಗಳ ನಡುವೆ ಊರಿನ ಇಂದಿನ ಸಂಗತಿಯನ್ನೇ ಎತ್ತಿ ಚುಚ್ಚುತ್ತಾನೆ. ಸಭೆಯವರು ನಗುತ್ತಾರೆ, ಮುಂದೆ ಕುಳಿತ ಊರ ಪ್ರಮುಖನೂ ನಗಲೇಬೇಕಾಗುತ್ತದೆ. ಬೆಂಗಳೂರಿನಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಮಾಡಿದುದು ಈ ಪರಂಪರೆಗೆ ಸಲ್ಲುವ ಕಾರ್ಯ. 2015ರಲ್ಲಿ ಅವರು ಸುಲ್ತಾನಪಾಳ್ಯದ ರಸ್ತೆಯ ನೀರು ತುಂಬಿದ ಗುಂಡಿಯಲ್ಲಿ ಒಂದು ಕೃತಕ ಮೊಸಳೆಯನ್ನಿಟ್ಟರು. 2019ರ ಸಪ್ಟೆಂಬರದಲ್ಲಿ, ಚಂದ್ರಯಾನದ ನೌಕೆಯು ಚಂದ್ರನ ಮೇಲೆ ಇಳಿಯುವುದನ್ನು ದೇಶವೆಲ್ಲ ಕಾಯುತ್ತಿದ್ದಾಗ, ಹೇರೋಹಳ್ಳಿಯ ಕಡೆಯ ರಸ್ತೆಯಲ್ಲಿ ಗಗನಯಾತ್ರಿಯ ವೇಷದವನೊಬ್ಬನನ್ನು ರಾತ್ರಿ ನಡೆಸಿ ಚಿತ್ರೀಕರಿಸಿದರು. ಚಂದ್ರನ ಕುಳಿಗಳ ನಡುವೆ ಮೆಲ್ಲನೆ ಹೆಜ್ಜೆಯಿಡುತ್ತಿರುವವನ ಪಕ್ಕದಲ್ಲಿ ಒಂದು ಆಟೋರಿಕ್ಷಾ ಹಾದುಹೋದಾಗಲೇ ನೋಡುವವರಿಗೆ ಅದು ಬೆಂಗಳೂರಿನ ರಸ್ತೆಯೆಂದು ತಿಳಿಯುವುದು. ಆ ಚಿತ್ರವು ಹಬ್ಬಿದ ಕೆಲವೇ ದಿನಗಳೊಳಗೆ ರಸ್ತೆಯ ದುರಸ್ತಿ ಆರಂಭವಾಯಿತು. ಎಷ್ಟೋ ಬಡಾವಣೆಗಳ ಮನವಿಪತ್ರಗಳಿಗೆ ದೊರೆಯದ ಉತ್ತರವು ಒಂದು ವೇಷಕ್ಕೆ ದೊರೆಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ವೇಷದಲ್ಲಿಯೇ ದೂರು ಅಡಗಿತ್ತು. ಗಗನಯಾತ್ರಿಯ ಉಡುಪನ್ನು ಕಂಡವನಿಗೆ ಬೇರೆ ಭಾಷಣ ಬೇಕಾಗಲಿಲ್ಲ. ಕೆಂಪು ತೊಟ್ಟವರ ಮೆರವಣಿಗೆಯೂ ಹಾಗೆಯೇ. ವೇಷಕ್ಕೂ ಅಹವಾಲಿಗೂ ಸಂಬಂಧವಿಲ್ಲದಿದ್ದರೆ, ಪತ್ರಿಕೆಯವರು ಚಿತ್ರ ತೆಗೆದುಕೊಂಡು ಹೋಗುವರು, ಓದುಗರು ಒಮ್ಮೆ ನಕ್ಕು ಪುಟ ತಿರುವುವರು. ಚಳವಳಿಗಾರನ ಮುಖವು ಪ್ರಸಿದ್ಧವಾಗುವುದು, ಅವನು ಕೇಳಿದುದೇನೆಂಬುದು ಮರೆತುಹೋಗುವುದು. ಇಂತಹ ಪ್ರದರ್ಶನಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಇವುಗಳನ್ನು ಕಂಡೇ ನಮ್ಮ ಹಿರಿಯರು ಬೇಸತ್ತಿರುವರು. ಆ ಬೇಸರದಲ್ಲಿ ನ್ಯಾಯವಿದೆ.

ಇದಕ್ಕಿಂತಲೂ ಗುರುತರವಾದ ಎಚ್ಚರಿಕೆಯೊಂದುಂಟು. ವಿಕಾರವೇಷವೂ ಗೇಲಿಯೂ ತಮ್ಮಷ್ಟಕ್ಕೆ ತಾವೇ ಪುಣ್ಯವಂತವಲ್ಲ. ಅಮೇರಿಕದ ಅಂತರ್ಯುದ್ಧವು 1865ರಲ್ಲಿ ಮುಗಿದು ಗುಲಾಮಗಿರಿಯು ಅಳಿದ ಕೂಡಲೇ ದಕ್ಷಿಣ ಪ್ರಾಂತಗಳಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಗುಪ್ತಕೂಟವು ಹುಟ್ಟಿತು. ಅದರ ಜನರು ಮುಖವಾಡಗಳನ್ನೂ ಕೊಂಬುಗಳನ್ನೂ ವಿಚಿತ್ರ ನಿಲುವಂಗಿಗಳನ್ನೂ ಧರಿಸಿ, ಯುದ್ಧದಲ್ಲಿ ಸತ್ತವರ ಪ್ರೇತಗಳೆಂದು ಹೇಳಿಕೊಂಡು, ರಾತ್ರಿ ನೀಗ್ರೋ ಜನರ ಗುಡಿಸಲುಗಳಿಗೆ ನುಗ್ಗಿದರು. ತಮಾಷೆಯ ಸೋಗಿನ ಮರೆಯಲ್ಲಿ ಹೊಡೆತ, ಕೊಲೆ, ಮತದಾನಕ್ಕೆ ಅಡ್ಡಿ, ಎಲ್ಲವೂ ನಡೆದವು. ಅಲ್ಲಿಯೂ ವೇಷವಿತ್ತು, ಅಲ್ಲಿಯೂ ನಗೆಯಿತ್ತು. ಆದರೆ ನಕ್ಕವರು ಬಲಾಢ್ಯರು, ನಡುಗಿದವರು ದುರ್ಬಲರು. ಫಿದ್ರಿಖ್ ಅವರ ಕುಬ್ಜನು ಹಗಲಿನಲ್ಲಿ, ಎಲ್ಲರ ಕಣ್ಣೆದುರಿನಲ್ಲಿ, ತನಗಿಂತ ಬಲಶಾಲಿಯಾದವನ ಮುಂದೆ ನಿಂತನು. ಕ್ಲಾನಿನವನು ಇರುಳಿನಲ್ಲಿ ತನಗಿಂತ ಬಡವನ ಬಾಗಿಲಿಗೆ ಬಂದನು. ನಗೆಯನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇಕಿಲ್ಲ: ಅದು ಯಾರ ಕಡೆಗೆ ತಿರುಗಿದೆ? ಮೇಲಕ್ಕೋ, ಕೆಳಕ್ಕೋ?

ಕೊನೆಯದಾಗಿ ಪೋಲಂಡದ ಕತೆಯ ಮುಕ್ತಾಯವನ್ನೂ ಹೇಳಬೇಕು. 1988ರಲ್ಲಿ ಕಾರ್ಮಿಕರ ಮುಷ್ಕರಗಳು ಮತ್ತೆ ಎದ್ದವು. 1989ರ ಫೆಬ್ರುವರಿಯಿಂದ ಏಪ್ರಿಲದವರೆಗೆ ಸರಕಾರವೂ ಸೊಲಿಡಾರಿಟಿಯೂ ದುಂಡುಮೇಜಿನ ಸುತ್ತ ಕುಳಿತು ಮಾತಾಡಿದವು. ಜೂನ 4ರಂದು ಮೊದಲಾದ ಚುನಾವಣೆಯಲ್ಲಿ ಸೊಲಿಡಾರಿಟಿಯವರು ತಮಗೆ ಸ್ಪರ್ಧಿಸಲು ಬಿಟ್ಟಿದ್ದ ಕೆಳಮನೆಯ 161 ಸ್ಥಾನಗಳನ್ನೆಲ್ಲ ಗೆದ್ದರು. ಮೇಲ್ಮನೆಯ 100 ಸ್ಥಾನಗಳಲ್ಲಿ 99 ಅವರ ಪಾಲಾದವು. ಅದೇ ಚುನಾವಣೆಯಲ್ಲಿ ನಮ್ಮ ಮೇಜರ್ ಫಿದ್ರಿಖ್ ಅವರೂ ಮೇಲ್ಮನೆಗೆ ನಿಂತಿದ್ದರು. ಅವರು ಸೋತರು. ಅವರೊಡನೆ ನಕ್ಕ ಜನರೇ ಮತಪೆಟ್ಟಿಗೆಯ ಮುಂದೆ ನಿಂತಾಗ, ವರ್ಷಗಟ್ಟಲೆ ಕಾರಖಾನೆಗಳಲ್ಲಿ ಸಂಘ ಕಟ್ಟಿ, ಗುಪ್ತವಾಗಿ ಪತ್ರಿಕೆ ಅಚ್ಚುಹಾಕಿ, ಸೆರೆ ಸೇರಿದವರ ಮನೆಗಳನ್ನು ನೋಡಿಕೊಂಡವರ ಪಕ್ಷಕ್ಕೆ ಮತ ಹಾಕಿದರು.

ಇದನ್ನು ಕೃತಘ್ನತೆಯೆನ್ನಲಾಗದು. ಜನರು ನಗೆಗೆ ಅದರ ಸ್ಥಾನವನ್ನು ಕೊಟ್ಟರು, ದುಡಿಮೆಗೆ ಅದರ ಸ್ಥಾನವನ್ನು ಕೊಟ್ಟರು. ಹೆಪ್ಪುಗಟ್ಟಿದ ನೆಲವನ್ನು ಸಡಿಲಿಸಿದುದು ನಗೆ. ಬಿತ್ತಿ ಬೆಳೆದುದು ಸಂಘಟನೆ. ನೆಲವು ಸಡಿಲವಾಗದಿದ್ದರೆ ಬೀಜವು ಮೊಳೆಯದು. ಬೀಜವನ್ನೇ ಬಿತ್ತದಿದ್ದರೆ ಸಡಿಲವಾದ ನೆಲದಲ್ಲಿ ಕಳೆಯೇ ಬೆಳೆಯುವುದು. 2001ರಲ್ಲಿ ಶ್ವಿದ್ನಿತ್ಸ್ಕಾ ಬೀದಿಯಲ್ಲಿ ಕುಬ್ಜನ ಒಂದು ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಈಗ ಆ ಪಟ್ಟಣದಲ್ಲಿ ನೂರಾರು ಪುಟ್ಟ ಕುಬ್ಜಪ್ರತಿಮೆಗಳಿವೆ. ಪ್ರವಾಸಿಗರು ಮಕ್ಕಳನ್ನು ಕರೆದುಕೊಂಡು ಅವುಗಳನ್ನು ಹುಡುಕುತ್ತ ತಿರುಗುತ್ತಾರೆ. ಒಂದು ಕಾಲಕ್ಕೆ ಪೋಲೀಸರು ಹಿಡಿಯುತ್ತಿದ್ದ ಕುಬ್ಜನು ಊರಿನ ಅಲಂಕಾರವಾಗಿದ್ದಾನೆ. ಅವನು ಯಾವ ಕಾಲದಲ್ಲಿ, ಯಾವ ತೇಪೆಯ ಮೇಲೆ ಹುಟ್ಟಿದನೆಂಬುದನ್ನು ಆ ಮಕ್ಕಳಿಗೆ ಹೇಳುವವರು ಇರಬೇಕಷ್ಟೆ.

ಹೇಳುವವರೆಂದರೆ ಉಪಾಧ್ಯಾಯರೇ. ತರಗತಿಯಲ್ಲಿ ನಕ್ಕ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುವುದು ನಮ್ಮ ಶಾಲೆಗಳ ಹಳೆಯ ಶಿಸ್ತು. ತೊದಲುವ ಸಹಪಾಠಿಯನ್ನೋ ಹರಕು ಅಂಗಿಯವನನ್ನೋ ಕಂಡು ಅವನು ನಕ್ಕಿದ್ದರೆ ತಿದ್ದಲೇಬೇಕು. ಏಕೆಂದರೆ ಅದು ಕೆಳಕ್ಕೆ ಬಿದ್ದ ನಗೆ. ಆದರೆ ದೊಡ್ಡವರ ಬಾಯಿಯ ಪೊಳ್ಳುಮಾತನ್ನು ಕೇಳಿ ನಕ್ಕಿದ್ದರೆ, ಶಿಕ್ಷಿಸುವ ಮೊದಲು ಒಂದು ಕ್ಷಣ ತಡೆದು, ನೀನು ನಕ್ಕುದೇಕೆಂದು ಅವನನ್ನು ಕೇಳಬೇಕು. ಆ ಪ್ರಶ್ನೆಗೆ ಎದ್ದುನಿಂತು ಕಾರಣವನ್ನು ಸ್ಪಷ್ಟವಾಗಿ ಹೇಳಲು ಕಲಿತ ಹುಡುಗನು ಮುಂದೆ ಮನವಿಪತ್ರವನ್ನೂ ಚೆನ್ನಾಗಿ ಬರೆದಾನು, ಸಂಘವನ್ನೂ ಕಟ್ಟಿಯಾನು. ಸಮಯ ಬಂದರೆ ಕಾಗದದ ಟೊಪ್ಪಿಗೆಯನ್ನು ತಲೆಗಿಡಲೂ ನಾಚಲಾರನು. ಅಂತಹ ನಾಗರಿಕರು ಊರಿಗೆ ಹತ್ತು ಮಂದಿಯಿದ್ದರೆ ಆ ಊರನ್ನು ಬೆದರಿಸಿ ಆಳುವುದು ಯಾವ ಅಧಿಕಾರಿಗೂ ಸುಲಭವಾಗದು.